ಪನಾಮಾ ಓದಿದ ನೀರುಗಂಟಿ

ಅವರನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಪಾದಗಳು. ವರ್ಷದ ಬಹುಪಾಲು ನೀರಿನಲ್ಲೇ ಇದ್ದೂ ಇದ್ದೂ ಬೆರಳ ಸಂದುಗಳು ಬಿಳಚಿ ಕೆಸರುಹುಣ್ಣಾಗಿದ್ದವು. ಹಿಮ್ಮಡಿ ಒಡೆದು ಅದರೊಳಗೆ ಕಪ್ಪು ಮಣ್ಣು ಕೂತುಬಿಟ್ಟಿತ್ತು. ಆ ಪಾದಗಳನ್ನು ನಾನು ಮೊದಲು ನೋಡಿದ್ದು ನಮ್ಮ ಪಂಚಾಯಿತಿ ಗ್ರಂಥಾಲಯದ ಕೆಂಪು ಗಾರೆ ನೆಲದ ಮೇಲೆ, ಅದೂ ನಾನು ಆಗತಾನೇ ಒರೆಸಿ ಸೊಂಟ ನೆಟ್ಟಗೆ ಮಾಡಿಕೊಂಡ ಹೊತ್ತಿನಲ್ಲಿ. ಬಾಗಿಲಿನಿಂದ ಗೋಡೆಯ ಭೂಪಟದವರೆಗೂ ಒದ್ದೆ ಹೆಜ್ಜೆ.

"ಯಾರ್ರೀ ಅದು? ಕಾಲು ಒರೆಸ್ಕೊಂಡು ಬರೋಕಾಗಲ್ವಾ?" ಎಂದು ರೇಗಿದೆ.

"ಒರುಸುದ್ರೆ ಓಯ್ತದಾ ಕನವ್ವ? ಮೂವತ್ತು ವರ್ಷದ ನೀರು ಇದು" ಎಂದರು, ತಿರುಗಿಯೂ ನೋಡದೆ. ಭೂಪಟದ ಮೇಲೆ ಬೆರಳಿಟ್ಟುಕೊಂಡು, "ಪನಾಮಾ ಅಂತ ಒಂದು ದೇಸ ಅದಂತೆ. ಎಲ್ಲದೆ, ಒಸಿ ತೋರ್ಸು" ಎಂದರು.

ನನ್ನ ತವರು ಬನ್ನೂರು. ಹುಲ್ಲಹಳ್ಳಿಗೆ ನಾಲ್ಕು ಕಿಲೋಮೀಟರ್ ದೂರದ ಈ ಊರಿಗೆ ಸೊಸೆಯಾಗಿ ಬಂದು, ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಸೇರಿ, ಆಗಿನ್ನೂ ವರ್ಷವಾಗಿರಲಿಲ್ಲ. ನನ್ನಲ್ಲಿಗೆ ಬರುತ್ತಿದ್ದವರು ಪೇಪರ್ ಓದುವ ಮುದುಕರು, ಪರೀಕ್ಷೆಯ ಗೈಡ್ ಕೇಳುವ ಹುಡುಗಿಯರು, ಇಷ್ಟೇ. ದೇಶವನ್ನು ಹುಡುಕಿಕೊಂಡು ಬಂದವರು ಇವರೊಬ್ಬರೇ. ಊರಿನ ನೀರುಗಂಟಿ. ನಾಲೆಯ ತೂಬುಗಳನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಕೆಲಸ. ಮೊಳದುದ್ದದ ಕಬ್ಬಿಣದ ಚಾವಿ ಸದಾ ಹೆಗಲ ಮೇಲೆ. ಯಾರ ಗದ್ದೆಯ ಪಾಳಿ ಬಂತೋ ಅವರ ಬದುವಿನ ಮೇಲೆ ಬಟ್ಟೆಚೂರು ಕಟ್ಟಿದ ಒಂದು ಕೋಲು ನೆಡುತ್ತಿದ್ದರು. ಆ ಕೋಲು ಇದ್ದಷ್ಟು ಹೊತ್ತು ಆ ನೀರನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ನೀರುಗಂಟಿಯನ್ನು ನಮ್ಮ ಕಡೆ ದಲಿತರ ಕೇರಿಯಿಂದಲೇ ಆರಿಸುವುದು ಹಳೆಯ ವಾಡಿಕೆ. ಕೇರಿಯವರಿಗೆ ಗದ್ದೆಯೇ ಇರುತ್ತಿರಲಿಲ್ಲವಲ್ಲ, ಆದ್ದರಿಂದ ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆ. ಎಂಥ ಲೆಕ್ಕಾಚಾರ ನೋಡಿ! ಆಮೇಲೆ ಸರ್ಕಾರ ಕೇರಿಯ ಕೆಲವರಿಗೆ ಜಮೀನು ಮಂಜೂರು ಮಾಡಿತು, ನಾಲೆಯ ಕಟ್ಟಕಡೆಯಲ್ಲಿ. ಮೇಲಿನವರೆಲ್ಲ ಕುಡಿದು ಮುಗಿಸಿದ ಮೇಲೆ ಅಲ್ಲಿಗೆ ತಲುಪುತ್ತಿದ್ದುದು ಒದ್ದೆ ಮಣ್ಣು. ಇವರಿಗೆ ಮಾತ್ರ ಅಲ್ಲೂ ಒಂದು ಕುಂಟೆ ಜಮೀನೂ ಇರಲಿಲ್ಲ.

ಪನಾಮಾದ ಮೇಲೆ ಇವರಿಗೆ ಕಣ್ಣು ಬಿದ್ದದ್ದಕ್ಕೆ ನಮ್ಮ ಮನೆಯೇ ಕಾರಣ. ನಮ್ಮ ಮಾವ ಬಹಳ ಆಸೆಪಟ್ಟು ರಸಬಾಳೆ ಹಾಕಿದ್ದರು. ನಂಜನಗೂಡಿನ ರಸಬಾಳೆ ಅಂದರೆ ಕೇಳಬೇಕೆ, ಗೊನೆ ಬರುವ ಮುಂಚೆಯೇ ಅವರ ಮೀಸೆ ಮೇಲಕ್ಕೆ ತಿರುಗಿತ್ತು. ಆರೇಳು ತಿಂಗಳಿಗೆ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ಜೋತುಬಿದ್ದವು. ಬುಡ ಸೀಳಿ ನೋಡಿದರೆ ಒಳಗೆಲ್ಲ ಕೆಂಪು. ಅಧಿಕಾರಿಯೊಬ್ಬರು ಬಂದು ನೋಡಿ, "ಇದು ಪನಾಮಾ ರೋಗ. ಮಣ್ಣಲ್ಲಿರುತ್ತೆ, ಹರಿಯೋ ನೀರಲ್ಲೂ ಹರಡುತ್ತೆ" ಎಂದುಬಿಟ್ಟರು. ಮಾವ ಅಲ್ಲೇ ಬದುವಿನ ಮೇಲೆ ನಿಂತಿದ್ದ ನೀರುಗಂಟಿಯ ಕಡೆ ತಿರುಗಿ, "ಲೇ, ನೀರು ಬುಡೋನು ನೀನೇ ಅಲ್ವೇನ್ಲಾ? ನೀನೇ ತಂದು ಬುಟ್ಟಿದ್ದೀಯಾ ಈ ರ್ವಾಗವ!" ಎಂದು ಎಲ್ಲರೆದುರು ಕೂಗಾಡಿದರು.

ಇದನ್ನೆಲ್ಲ ನೀರುಗಂಟಿ ಭೂಪಟದ ಮುಂದೆ ನಿಂತೇ ಹೇಳಿದರು. ಕೊನೆಗೆ, "ಆ ದೇಸದ ಮ್ಯಾಲೂ ನನ್ನ ಮ್ಯಾಲೂ ಒಂದೇ ಆಪಾದ್ನೆ ಬಂದದೆ. ಅದುಕ್ಕೆ ಅವರು ಯಾರು, ಎತ್ತ ಅಂತ ತಿಳ್ಕಳನ ಅಂತ ಬಂದೆ" ಎಂದರು.

ಆಪಾದನೆ ಹೊರಿಸಿದ್ದು ನನ್ನ ಮಾವ ಎಂದು ಅವರಿಗೆ ಗೊತ್ತು. ನಾನು ಆ ಮನೆಯ ಸೊಸೆ ಎಂದೂ ಗೊತ್ತು. ಆದರೂ ನನ್ನ ಮುಖಕ್ಕೇ ಹೇಳಿದರಲ್ಲ, ನನಗೆ ಅದು ಹಿಡಿಸಿತು. ಆವತ್ತಿನಿಂದ ಅಣ್ಣ ಎಂದೆ. ಮೇಲಿನ ಬೀದಿಯ ಸೊಸೆ ಕೇರಿಯವರನ್ನು ಹಾಗೆಲ್ಲ ಕರೆಯಬಾರದೆಂದು ಮನೆಯಲ್ಲಿ ಬುದ್ಧಿ ಹೇಳಿ ನೋಡಿದರು. ನನ್ನ ಬಾಯಿ ತವರಿನಿಂದಲೇ ಸ್ವಲ್ಪ ಜೋರು.

ಕಪಾಟಿನಲ್ಲಿದ್ದ ಒಂದು ಹಳೆಯ ವಿಶ್ವಕೋಶದ ಸಂಪುಟ, ನನ್ನ ಫೋನು, ಇವೆರಡೇ ನಮ್ಮ ಬಂಡವಾಳ. ಇಂಗ್ಲಿಷಿನಲ್ಲಿದ್ದುದನ್ನು ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಬೆಂಚಿನ ತುದಿಯಲ್ಲಿ ಕೂತು ಕೇಳುವುದು. ಮೊದಲ ವಾರವೇ ರೋಗದ ವಿಷಯ ಸಿಕ್ಕಿತು. ಪನಾಮಾದ ದೊಡ್ಡ ದೊಡ್ಡ ಬಾಳೆತೋಟಗಳು ಈ ರೋಗದಿಂದ ನಾಶವಾದದ್ದು ನಿಜ. ಆದರೆ ಅದಕ್ಕೂ ಮೊದಲೇ ಆಸ್ಟ್ರೇಲಿಯಾದಲ್ಲಿ ಇದನ್ನು ಗುರುತಿಸಿ ಬರೆದಿದ್ದರಂತೆ. ಹುಟ್ಟಿದ್ದು ನಮ್ಮ ಏಷ್ಯಾದ ಕಡೆಯೇ ಇರಬೇಕೆಂದು ತಿಳಿದವರು ಹೇಳುತ್ತಾರೆ. ನಾನು ಇಷ್ಟು ಹೇಳಿದ್ದೇ ತಡ, ಅವರು ತೊಡೆ ತಟ್ಟಿಕೊಂಡು ನಕ್ಕರು. "ಅಂಗಾರೆ ರ್ವಾಗ ಬಂದು ಸತ್ತೋರ ಎಸರನ್ನೇ ರ್ವಾಗಕ್ಕೆ ಇಟ್ಟವ್ರೆ ಅನ್ನು!"

ರೋಗದ ಕಥೆ ಅಲ್ಲಿಗೆ ಮುಗಿಯಿತು, ಇವರು ಮುಗಿಸಲಿಲ್ಲ. ಆ ದೇಶದ ನಡುವೆ ಒಂದು ನಾಲೆ ಇದೆ ಎಂದು ಗೊತ್ತಾದ ಮೇಲಂತೂ ಬಿಡುವ ಮಾತೇ ಇಲ್ಲ. ನಾವೆಲ್ಲ ಪನಾಮಾ ಕಾಲುವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತದ್ದು. ಅವರಿಗೆ ಅದು ಪನಾಮಾ ನಾಲೆ. ಹಡಗನ್ನು ತೂಬಿನೊಳಗೆ ನಿಲ್ಲಿಸಿ, ನೀರು ತುಂಬಿ ಮೇಲಕ್ಕೆ ಎತ್ತುತ್ತಾರೆ ಎಂದಾಗ, "ಅಂಗಾರೆ ಅಲ್ಲೂ ಒಬ್ಬ ನೀರುಗಂಟಿ ಇರ್ಬೇಕಲ್ಲ ಕನವ್ವ! ಅವುನ್ಗೂ ಕಾಲೆಲ್ಲ ಉಣ್ಣಾಗಿರ್ತದಾ?" ಎಂದು ಕೇಳಿದರು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವರದೊಂದು ಅಭ್ಯಾಸವಿತ್ತು. ಏನು ಓದಿ ಹೇಳಿದರೂ ಮೂರು ಪ್ರಶ್ನೆ ಕೇಳುತ್ತಿದ್ದರು. ಯಾರು ಬರೆದವ್ರೆ? ಆಗ ಅಲ್ಲಿ ಯಾರಿದ್ರು? ಯಾರಿರ್ನಿಲ್ಲ? ಮೊದಮೊದಲು ನನಗೆ ರೇಜಿಗೆ. "ಅಯ್ಯೋ ಅಣ್ಣಾ, ಇರದೇ ಇದ್ದವರ ಹೆಸರು ಯಾರಾದರೂ ಬರೆದಿಡ್ತಾರಾ?" ಎಂದರೆ, "ಅದುಕ್ಕೇ ಕೇಳೋದು" ಎನ್ನುತ್ತಿದ್ದರು.

ಆ ಮೂರನೇ ಪ್ರಶ್ನೆ ನನ್ನ ತಲೆಯಲ್ಲಿ ಭದ್ರವಾಗಿ ಕೂತದ್ದು ಕಾಲುವೆಯ ಒಪ್ಪಂದದ ಕಥೆ ಹೇಳಿದ ದಿನ. ೧೯೦೩ರಲ್ಲಿ ಪನಾಮಾ ಸ್ವತಂತ್ರವಾಗಿ ಹದಿನೈದು ದಿನವಷ್ಟೇ ಆಗಿತ್ತು. ಕಾಲುವೆಯ ಜಾಗವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಪನಾಮಾದ ಪರವಾಗಿ ರುಜು ಹಾಕಿದವನು ಒಬ್ಬ ಫ್ರೆಂಚಿನವನು. ಪನಾಮಾದ ಪ್ರತಿನಿಧಿಗಳು ಹಡಗಿನಲ್ಲಿ ಬಂದು, ರೈಲು ಹತ್ತಿ ವಾಷಿಂಗ್ಟನ್‌ನಲ್ಲಿ ಇಳಿಯುವ ಹೊತ್ತಿಗೆ ರುಜು ಮುಗಿದುಹೋಗಿತ್ತು.

"ಅವರು ರೈಲು ಇಳಿಯೋ ಗಂಟ ತಡೀಲಿಲ್ವಾ?"

"ಅವರು ಇಳಿಯೋದಕ್ಕೆ ಮುಂಚೆ ಮುಗೀಲಿ ಅಂತಲೇ ಮಾಡಿದ್ದು ಅಣ್ಣಾ."

ಹೆಗಲ ಚಾವಿಯನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ನಾನೂ ಕೆರಳಿದ್ದೆ. ಆ ಫ್ರೆಂಚಿನವನಿಗೆ ಬನ್ನೂರಿನ ಭಾಷೆಯಲ್ಲಿ ಒಂದೆರಡು ಮಾತು ಅಂದೆ. ಅದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವರ ಟೀ ವಿಷಯ ನನಗೆ ಅರ್ಥವಾದದ್ದೂ ಪನಾಮಾದಿಂದಲೇ. ಎಷ್ಟು ಸಲ ಕೊಟ್ಟರೂ ಬೇಡವೆನ್ನುತ್ತಿದ್ದರು, ತಾವು ತಂದ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ಜಂಭ ಎಂದುಕೊಂಡಿದ್ದೆ. ಒಂದು ದಿನ ಆ ಕಾಲುವೆ ತೋಡಿದ ಕೂಲಿಗಳ ಕಥೆ ಬಂತು. ಬಿಳಿಯ ಅಮೆರಿಕನ್ನರಿಗೆ ಚಿನ್ನದ ಸಂಬಳ, ಸುತ್ತಲ ದ್ವೀಪಗಳಿಂದ ಬಂದ ಕಪ್ಪು ಕೂಲಿಗಳಿಗೆ ಬೆಳ್ಳಿಯ ಸಂಬಳ. ಚಿನ್ನದವರಿಗೆ ಒಂದು ಸಾಲು, ಬೆಳ್ಳಿಯವರಿಗೆ ಇನ್ನೊಂದು. ಅಂಚೆಯ ಕಿಟಕಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ.

"ಕುಡಿಯೋ ನೀರೂ ಬ್ಯಾರೇನಾ?"

"ಹೂಂ ಅಣ್ಣಾ."

"ನಾಲೆ ತೋಡೋರ್ಗೇ?"

ಆಮೇಲೆ ನಿಧಾನವಾಗಿ ಹೇಳಿದರು. ಅವರ ಚಿಕ್ಕಂದಿನಲ್ಲಿ ಸಂತೆಯ ಹೋಟೆಲಿನಲ್ಲಿ ಕೇರಿಯವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿ ಇರುತ್ತಿತ್ತಂತೆ. ತಾವೇ ತೆಗೆದು, ಹೊರಗೇ ನಿಂತು ಕುಡಿದು, ತಾವೇ ತೊಳೆದು ಇಡಬೇಕು. ಅವರ ಅಪ್ಪ ಹಾಗೆ ತೊಳೆಯುವುದನ್ನು ನೋಡಿದ ದಿನ ಟೀ ಬಿಟ್ಟದ್ದು, ಮತ್ತೆ ಮುಟ್ಟಿರಲಿಲ್ಲ. ಇಷ್ಟು ಹೇಳಿ, ಒಮ್ಮೆಗೇ ನಕ್ಕು, "ಇವತ್ತು ಕೊಡವ್ವ ಒಂದು ಲೋಟವ. ನಿನ್ನತ್ರ ಇರೋದು ಚಿನ್ನದ್ದಾ, ಬೆಳ್ಳೀದಾ?" ಎಂದರು. ನನ್ನ ಹತ್ತಿರ ಇದ್ದವು ಎರಡೂ ಸ್ಟೀಲಿನವು. ಒಂದರಲ್ಲಿ ಅವರು ಕುಡಿದರು, ಒಂದರಲ್ಲಿ ನಾನು. ಅವರು ಎದ್ದು ತೊಳೆಯಲು ಹೋದಾಗ ಲೋಟ ಕಿತ್ತುಕೊಂಡೆ. ನನಗೆ ಅಳು ಬಂದಿತ್ತು, ಅದಕ್ಕೆ ಇನ್ನಷ್ಟು ಗದರಿದೆ.

೧೯೬೪ರಲ್ಲಿ ಪನಾಮಾದ ವಿದ್ಯಾರ್ಥಿಗಳು ತಮ್ಮ ಧ್ವಜ ಹಿಡಿದು ಕಾಲುವೆಯ ವಲಯದೊಳಗೆ ನಡೆದುಹೋದದ್ದನ್ನು ಮಾತ್ರ ನನ್ನಿಂದ ಮೂರು ಸಲ ಹೇಳಿಸಿದರು. ತಮ್ಮ ನೆಲದಲ್ಲಿ ತಮ್ಮ ಧ್ವಜ ಹಾರಿಸುತ್ತೇವೆಂದು ಹೋದ ಮಕ್ಕಳು. ತಳ್ಳಾಟದಲ್ಲಿ ಧ್ವಜ ಹರಿಯಿತು, ಆಮೇಲೆ ಗುಂಡು ಹಾರಿತು, ಜನ ಸತ್ತರು. "ಅಗಲೊತ್ನಲ್ಲೇ ಓಗಿದ್ರಾ?" ಎಂದು ಕೇಳಿದರು. ಹೌದು, ಹಗಲಿನಲ್ಲೇ. "ಅಂಗೆ ಓಗ್ಬೇಕು" ಎಂದರು.

ಹೀಗೆ ನಾಲ್ಕೈದು ವರ್ಷ. ಊರಿನವರು ಅವರನ್ನು ಪನಾಮಾ ಎಂದೇ ಕರೆಯತೊಡಗಿದ್ದರು, ಹಂಗಿಸಲು. ಅವರಿಗೆ ಅದು ಬಿರುದಿನ ಹಾಗಿತ್ತು.

ಆಮೇಲೆ ಕಬಿನಿಯಲ್ಲಿ ನೀರಿಲ್ಲದ ಆ ವರ್ಷ ಬಂತು. ಅದೇ ವರ್ಷ ಪನಾಮಾದಲ್ಲೂ ಮಳೆ ಕೈಕೊಟ್ಟು, ಕಾಲುವೆಯಲ್ಲಿ ದಿನಕ್ಕೆ ಬಿಡುವ ಹಡಗುಗಳನ್ನು ಕಡಿಮೆ ಮಾಡಿದ್ದರು. ನಮ್ಮ ನಾಲೆಗೆ ಹದಿನೈದೇ ದಿನ ನೀರು ಎಂದು ಆದೇಶವಾಯಿತು. ಕೊನೇ ಭಾಗದಲ್ಲಿ ಕೇರಿಯವರು ಹಾಕಿದ್ದ ಭತ್ತದ ಸಸಿಮಡಿ ಆಗಲೇ ಸುಡುತ್ತಿತ್ತು. ಮೊದಲಿನಂತೆ ಮೇಲಿನಿಂದ ಬಿಟ್ಟುಕೊಂಡು ಬಂದರೆ ಹದಿನೈದು ದಿನ ಮೇಲಿನವರಿಗೇ ಸಾಲದು. ಕೊನೆಯವರ ಆ ವರ್ಷದ ಅನ್ನ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ.

ನೀರು ಬಳಕೆದಾರರ ಸಂಘಕ್ಕೆ ನಮ್ಮ ಮಾವನೇ ಅಧ್ಯಕ್ಷರು. ಗ್ರಂಥಾಲಯದಲ್ಲಿ ಹತ್ತು ಗಂಟೆಗೆ ಸಭೆ ಎಂದು ಡಂಗುರ ಹೊಡೆಸಿದರು. ಒಂಬತ್ತಕ್ಕೇ ನಾಲ್ಕೈದು ಜನ ಮೇಲಿನವರನ್ನು ಕರೆದುಕೊಂಡು ಬಂದರು. "ನಿನ್ನ ಅಕ್ಸರ ದುಂಡಗದೆ ಕನವ್ವ, ನೀನೇ ಬರ್ದುಬುಡು. ಅವರು ಬಂದ್ಮೇಲೆ ಓದಿ ಏಳದು ಅಷ್ಟೇಯ" ಎಂದರು. ನಾನು ಬರೆದೆ. ವಾಡಿಕೆಯಂತೆ ಮೇಲಿನಿಂದಲೇ ನೀರು ಬಿಡತಕ್ಕದ್ದು, ಕೊನೇ ಭಾಗದ ರೈತರಿಗೂ ಒಪ್ಪಿಗೆ ಇದೆ. ಕೊನೇ ಭಾಗದ ಪರವಾಗಿ ಒಂದು ರುಜು ಬೇಕಿತ್ತು. ಅಲ್ಲಿ ಹತ್ತು ಕುಂಟೆ ಗುತ್ತಿಗೆಗೆ ಹಿಡಿದಿದ್ದ ಮಾವನ ಭಾವಮೈದನೊಬ್ಬ ಮುಂದೆ ಬಂದ. ಅವನ ಹತ್ತಿರ ಪೆನ್ ಇರಲಿಲ್ಲ. ನನ್ನದನ್ನು ಕೊಟ್ಟೆ.

ಕೊಟ್ಟೆ! ಆ ಫ್ರೆಂಚಿನವನಿಗೆ ಅಷ್ಟು ಬೈದಿದ್ದ ನಾನು, ಕೈ ನೀಡಿ ಪೆನ್ ಕೊಟ್ಟೆ. ಏನೂ ಹೊಳೆಯಲೇ ಇಲ್ಲ. ಮನೆಯ ಹಿರಿಯರು ಹೇಳಿದರು, ಸೊಸೆ ಬರೆದಳು, ಅಷ್ಟೇ.

ಹತ್ತಕ್ಕೆ ಕೊನೇ ಭಾಗದವರು ಬಂದರು. ಮುಂದೆ ನೀರುಗಂಟಿ. ಸಭೆಯ ಪುಸ್ತಕ ತೆಗೆದುಕೊಂಡು ಅಕ್ಷರದ ಮೇಲೆ ಬೆರಳು ಓಡಿಸುತ್ತಾ ಪೂರ್ತಿ ಓದಿದರು.

"ಯಾರು ಬರೆದವ್ರೆ?"

"ನಾನು ಅಣ್ಣಾ."

"ಆಗ ಯಾರಿದ್ರು?"

ಮಾವನ ಕಡೆ ನೋಡಿದೆ. ಮಾವ ಸೂರಿನ ಕಡೆ ನೋಡುತ್ತಿದ್ದರು.

"ಯಾರಿರ್ನಿಲ್ಲ?"

ಅವರು ಕೂಗಾಡಲಿಲ್ಲ. ಪುಸ್ತಕ ಮಡಚಿ ನನ್ನ ಮೇಜಿನ ಮೇಲಿಟ್ಟು, "ಆ ಫ್ರಾನ್ಸಿನೋನು ಸತ್ತೋದ ಅಂದಿದ್ದೆ ನೀನು. ಇನ್ನೂ ಬದುಕವ್ನಲ್ಲವ್ವ" ಎಂದು ಹೇಳಿ ಹೊರಟುಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ನಗುತ್ತಾ, "ಯಾವನ್ಲಾ ಅವ್ನು ಫ್ರಾನ್ಸಿನೋನು?" ಎಂದು ಎಲ್ಲರನ್ನೂ ಕೇಳಿದರು.

ಮಾರನೆಯ ದಿನ ನಾಲೆಗೆ ನೀರು ಬಂತು. ಬೆಳಿಗ್ಗೆ ಹತ್ತು ಗಂಟೆಗೆ, ಊರೆಲ್ಲ ನೋಡುವ ಹಾಗೆ, ಅವರು ಚಾವಿ ಹೊತ್ತು ನಾಲೆ ಏರಿಯ ಮೇಲೆ ನಡೆದರು. ಮೇಲಿನ ತೂಬುಗಳನ್ನು ಒಂದೊಂದಾಗಿ ಇಳಿಸುತ್ತಾ ಕಟ್ಟಕಡೆಯ ತೂಬಿಗೆ ಹೋಗಿ ಅದನ್ನು ಪೂರ್ತಿ ಎತ್ತಿದರು. ಕೇರಿಯ ಗದ್ದೆಯ ಬದುವಿನ ಮೇಲೆ ಪಾಳಿ ಕೋಲು ನೆಟ್ಟರು. ಆವತ್ತು ಅದಕ್ಕೆ ಹೊಸ ಬಟ್ಟೆ ಕಟ್ಟಿದ್ದರು. ವಾಪಸ್ ಬಂದು ಮೇಲಿನ ತೂಬಿನ ಕಟ್ಟೆಯ ಮೇಲೆ ಚಾವಿ ಹಿಡಿದು ಕೂತರು.

ಮಾವ ಹತ್ತು ಜನ ಕಟ್ಟಿಕೊಂಡು ಹೋದರು. ನಾನೂ ಹಿಂದೆ ಹೋದೆ. "ತಗೀಲಾ ಚಾವಿಯ! ನಿನ್ನ ಜನುಕ್ಕೆ ಮೊದ್ಲು ಬುಟ್ಕೊಂಡಾ?"

"ನಂದು ಅಲ್ಲಿ ಒಂದು ಕುಂಟೆನೂ ಇಲ್ಲ ಯಜಮಾನ್ರೆ. ಇದ್ರೆ ತೋರ್ಸಿ, ಈಗ್ಲೇ ಕೊಟ್ಬುಡ್ತೀನಿ." ಕೇರಿಯವರು ಮೇಲಿನವರನ್ನು ಕರೆಯುವ ವಾಡಿಕೆಯಂತೆ 'ಬುದ್ಧಿ' ಎನ್ನಲಿಲ್ಲ, ಎದ್ದೂ ನಿಲ್ಲಲಿಲ್ಲ. "ರಾತ್ರೆ ತಿರುವುದ್ರೆ ಕಳ್ಳ ಅಂತೀರಿ. ಅದುಕ್ಕೇ ಅಗಲೊತ್ತು ತಿರುವಿವ್ನಿ. ಕೆಳಕ್ಕೆ ಮೊದ್ಲು ಬುಟ್ರೆ ದಾರೀಲಿ ಇಂಗೋ ನೀರೂ ನಿಮ್ಮ ಗದ್ದೆ ಮಗ್ಗುಲಲ್ಲೇ ಇಂಗ್ತದೆ. ಮ್ಯಾಲಕ್ಕೆ ಮೊದ್ಲು ಬುಟ್ರೆ ಕೆಳಕ್ಕೆ ಓಗೋದು ಬರೀ ಸುದ್ದಿ."

ಯಾರೋ ಅವರ ಹೆಗಲಿಗೆ ಕೈಹಾಕಿದರು. ಅಷ್ಟರಲ್ಲಿ ಕೊನೇ ಭಾಗದ ಹೆಂಗಸರು ಏರಿಯ ಮೇಲೆ ಸಾಲಾಗಿ ಬಂದು ಅವರ ಸುತ್ತ ಕೂತರು. ಆ ಕೈ ಹಿಂದಕ್ಕೆ ಹೋಯಿತು. ಎರಡು ದಿನ ಅವರು ಹಾಗೇ ಕೂತಿದ್ದರು. ನೀರು ಹರಿಯುತ್ತಲೇ ಇತ್ತು.

ಎರಡನೇ ದಿನ ಮಧ್ಯಾಹ್ನ ನೀರಾವರಿ ಇಲಾಖೆಯ ಇಂಜಿನಿಯರ್ ಜೀಪಿನಲ್ಲಿ ಬಂದರು. ಮಾವ ಸಭೆಯ ಪುಸ್ತಕ ಮುಂದೆ ಹಿಡಿದರು. ಇಂಜಿನಿಯರ್ ಓದಿ, "ಎಲ್ಲರ ಒಪ್ಪಿಗೆ ಇದೆಯಲ್ಲ. ಯಾರು ಬರೆದಿದ್ದು ಇದನ್ನ?" ಎಂದರು.

"ನನ್ ಸೊಸೆ ಸಾ" ಎಂದರು ಮಾವ, ಹೆಮ್ಮೆಯಿಂದಲೇ.

ಗುಂಪಿನ ಹಿಂದಿದ್ದ ನಾನು ಮುಂದೆ ಬಂದೆ. ನೀರುಗಂಟಿ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವರ ಮುಲಾಜಿಗೆ ಹೇಳಿದಂತಾಗುತ್ತಿತ್ತೇನೋ. "ಸಾರ್, ಇದನ್ನ ಒಂಬತ್ತು ಗಂಟೆಗೆ ಬರೆದಿದ್ದು" ಎಂದೆ. "ಸಭೆ ಇದ್ದದ್ದು ಹತ್ತಕ್ಕೆ. ಬರೆಯುವಾಗ ಕೊನೇ ಭಾಗದವರು ಒಬ್ಬರೂ ಇರಲಿಲ್ಲ. ಅವರ ಪರವಾಗಿ ರುಜು ಹಾಕಿದವರು ನಮ್ಮ ಮಾವನ ಭಾವಮೈದ. ಪೆನ್ ಕೊಟ್ಟಿದ್ದು ನಾನು."

ಇಂಜಿನಿಯರ್ ಆ ಪುಟದ ಅಡಿಯಲ್ಲಿ 'ರದ್ದು' ಎಂದು ಬರೆದು ರುಜು ಹಾಕಿದರು. ಮತ್ತೆ ಸಭೆ ಎಲ್ಲರೆದುರು ನಡೆಯಬೇಕು, ಅಲ್ಲಿಯವರೆಗೆ ನೀರು ಈಗ ಹೋಗುತ್ತಿರುವ ಕಡೆಗೇ ಹೋಗಲಿ ಎಂದರು. ಆಮೇಲೆ ನೀರುಗಂಟಿಯ ಕಡೆ ತಿರುಗಿ, "ನಿಮ್ಮದೂ ತಪ್ಪೇ. ಆದೇಶ ಇಲ್ಲದೆ ತೂಬು ಮುಚ್ಚಿದ್ದೀರಿ. ಚಾವಿ ಕೊಡಿ, ಇನ್ನು ಕೆಲಸಕ್ಕೆ ಬರಬೇಡಿ" ಎಂದರು.

ಅವರು ಎದ್ದು, ಮೂವತ್ತು ವರ್ಷದ ಚಾವಿಯನ್ನು ಟವೆಲಿನಿಂದ ಒರೆಸಿ ಕೊಟ್ಟರು. "ತಗಳಿ ಸಾ. ನೀರು ಓಗಾಯ್ತು."

ಮರುಸಭೆಯಲ್ಲಿ ಎಲ್ಲರೂ ಇದ್ದರು. ಕೊನೆಯಿಂದ ಮೇಲಕ್ಕೆ ನೀರು ಬಿಡುವುದೆಂದು ಠರಾವಾಯಿತು. ಆ ವರ್ಷ ಕೇರಿಯ ಸಸಿಮಡಿ ಉಳಿಯಿತು, ನಾಟಿಯಾಯಿತು. ಅವರು ಹೇಳಿದಂತೆ ದಾರಿಯಲ್ಲಿ ಇಂಗಿದ ನೀರಿನಿಂದ ಮೇಲಿನವರ ಬೆಳೆಯೂ ಒಣಗಲಿಲ್ಲ. ಮಾವ ನನ್ನ ಕೈಯಿಂದ ತಟ್ಟೆ ಇಸಿದುಕೊಳ್ಳುವುದನ್ನು ನಿಲ್ಲಿಸಿದರು. ತಾಂಡ್ಯದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬರುವ ನನ್ನ ಗಂಡ ಇಬ್ಬರ ನಡುವೆ ಸಾರಿನ ಪಾತ್ರೆ ದಾಟಿಸುತ್ತಾ ಐದು ತಿಂಗಳು ಕಳೆದ.

ಕೆಲಸ ಹೋದ ಮೇಲೂ ಅವರು ಗ್ರಂಥಾಲಯಕ್ಕೆ ಬರುವುದು ತಪ್ಪಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ, "ಪನಾಮಾ ಎಲ್ಲಿಗೆ ನಿಲ್ಸಿದ್ದೆ? ಮುಂದುಕ್ ಏಳು" ಎಂದು ಮಾತು ತಿರುಗಿಸುತ್ತಿದ್ದರು. ಕೊನೆಯ ಭಾಗವನ್ನು ಅವರಿಗೆಂದು ಉಳಿಸಿಟ್ಟಿದ್ದೆ. ೧೯೯೯ನೇ ಇಸವಿಯ ಕೊನೆಯ ದಿನ, ನಡುಮಧ್ಯಾಹ್ನ, ಕಾಲುವೆ ಪನಾಮಾದವರ ಕೈಗೆ ಬಂತು.

"ಕೊಟ್ರಾ?"

"ಕೊಟ್ಟರು ಅಣ್ಣಾ."

"ರುಜು ಆಗಿ ಎಷ್ಟು ವರ್ಷುಕ್ಕೆ?"

"ತೊಂಬತ್ತಾರು."

ಬೆರಳು ಮಡಚಿ ಏನೋ ಎಣಿಸಿದರು. "ಆಗ್ಲಿ. ಕಾಯ್ಬೋದು. ಸುಮ್ಕೆ ಕೂತ್ಕೊಂಡು ಕಾಯ್ಬಾರ್ದು ಅಷ್ಟೇಯ" ಎಂದು ಟೀ ಲೋಟಕ್ಕೆ ಕೈಚಾಚಿದರು.

ಕಳೆದ ವರ್ಷ, ಜ್ವರವೆಂದು ಮಲಗಿದವರು ನಾಲ್ಕನೇ ದಿನಕ್ಕೆ ಹೋಗಿಬಿಟ್ಟರು. ಕೇರಿಯ ಅಂಗಳದಲ್ಲಿ ಬುದ್ಧವಂದನೆ ಹೇಳುತ್ತಿದ್ದರು. ನಾನು ಕಾಲ ಹತ್ತಿರ ನಿಂತಿದ್ದೆ. ಎರಡು ವರ್ಷ ನೀರಿಗಿಳಿಯದ ಆ ಪಾದಗಳಲ್ಲಿ ಹುಣ್ಣೆಲ್ಲ ಮಾಯ್ದು ಬೆರಳ ಸಂದುಗಳು ಒಣಗಿದ್ದವು. ಒಣಗಿದ್ದನ್ನು ನೋಡಿ ನನಗೆ ತಡೆಯಲಾರದ ಸಿಟ್ಟು ಬಂತು. ಅವರಿಗೆ ಆ ಚಾವಿಯನ್ನು ವಾಪಸ್ ಕೊಡಿಸಲು ನಾನೊಂದು ಅರ್ಜಿಯನ್ನಾದರೂ ಬರೆಯಬಹುದಿತ್ತು. ಅಕ್ಷರ ದುಂಡಗಿದೆಯಲ್ಲ. ಅವರು ಬೇಡವೆಂದರು ಎಂದು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ನಾಲೆಗೆ ನೀರು ಬಿಡುವ ಆದೇಶ ಬಂದದ್ದು ಅದಾದ ಹನ್ನೆರಡನೇ ದಿನಕ್ಕೆ. ಪಾಳಿಯ ಪಟ್ಟಿಯನ್ನು ಗ್ರಂಥಾಲಯದ ಹೊರಗಿನ ಕಪ್ಪುಹಲಗೆಯ ಮೇಲೆ ಬರೆಯುವುದು ಈಗ ನನ್ನ ಕೆಲಸ. ಸೀಮೆಸುಣ್ಣ ಹಿಡಿದು ನಿಂತಿದ್ದೆ. ಹಿಂದಿನಿಂದ ಮಾವ ಬಂದರು.

"ನೀರುಗಂಟಿನೇ ಸತ್ತೋದ್ಮೇಲೆ ಇನ್ನ್ಯಾಕವ್ವ ಈ ತಲೆಕೆಳಗಿನ ಕೆಲ್ಸ? ಯಾರೂ ಏನೂ ಅನ್ನಕಿಲ್ಲ ಈಗ. ಅಳೇ ತರವೇ ಬರ್ದುಬುಡು."

ನಾನು ತಿರುಗಲಿಲ್ಲ. ಕಟ್ಟಕಡೆಯ ಗದ್ದೆಯ ಹೆಸರನ್ನು ಹಲಗೆಯ ನೆತ್ತಿಯ ಮೇಲೆ ದಪ್ಪಗೆ ಬರೆದೆ. ಅದರ ಕೆಳಗೆ ಅದರ ಮೇಲಿನ ಗದ್ದೆ, ಆಮೇಲೆ ಅದಕ್ಕೂ ಮೇಲಿನದು. ಕೇರಿಯವರೂ ಮೇಲಿನ ಬೀದಿಯವರೂ ಬಂದು ನಿಂತು ನೋಡತೊಡಗಿದರು. ಮಾವ ಕನ್ನಡಕ ಏರಿಸಿಕೊಂಡು ಮೊದಲ ಸಾಲಿನಿಂದ ಹುಡುಕಿಕೊಂಡು ಬಂದರು.

"ನಮ್ಮನೇದು ಎಲ್ಲದೆ? ಕಾಣ್ತಾನೇ ಇಲ್ವಲ್ಲ."

"ಕೊನೇಲಿದೆ ಮಾವ" ಎಂದೆ. "ಎಲ್ಲರ ಹೆಸರೂ ಓದ್ಕೊಂಡು ಬನ್ನಿ, ಸಿಗುತ್ತೆ."